ಇಂಟರ್‌ವ್ಯೂಗೆ ಹಿಜಾಬ್ ತೆಗೆಯಲೇ? ಮತ್ತೆ ಮತ್ತೆ ಬರುವ ಕೆಲವು ಪ್ರಶ್ನೆಗಳು

ಈ ಸಲವೂ ಅದೇ ಪ್ರಶ್ನೆಗಳು ಬಂದಿವೆ. ಕೆಲಸ ಬೇಕು, ಧರ್ಮದ ಗುರುತೂ ಬೇಕು, ಎರಡೂ ಸಿಗುತ್ತಾ? ರೆಸ್ಯೂಮೆ ಎಷ್ಟು ಪುಟ ಇರಬೇಕು, ಸಂಬಳ ಎಷ್ಟು ಕೇಳಬೇಕು ಅನ್ನುವುದಕ್ಕೆ ಇಲ್ಲಿ ಜಾಗ ಇಲ್ಲ. ನನಗೆ ನಿಜಕ್ಕೂ ಸಿಟ್ಟು ತರಿಸುವ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಸಿಟ್ಟು ಕೇಳಿದವರ ಮೇಲಲ್ಲ, ಅವರ ತಲೆಗೆ ಇದನ್ನು ತುಂಬಿದವರ ಮೇಲೆ.

ಪ್ರಶ್ನೆ: ಮೇಡಂ, ನಮ್ಮ ಊರು ಉಡುಪಿ ಹತ್ತಿರ, ಈಗ ಮೀರಾ ರೋಡ್‌ನಲ್ಲಿದ್ದೇವೆ. ಬಿ.ಕಾಂ. ಆಗಿದೆ, ಟ್ಯಾಲಿ ಮತ್ತು ಜಿಎಸ್‌ಟಿ ಕಲಿತಿದ್ದೇನೆ. ಹಿಜಾಬ್ ಹಾಕುತ್ತೇನೆ. ಅಂಧೇರಿಯ ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸಕ್ಕೆ ಇಂಟರ್‌ವ್ಯೂ ಇದೆ. ಪ್ಲೇಸ್‌ಮೆಂಟ್ ಏಜೆಂಟ್ ದುಡ್ಡು ತೆಗೆದುಕೊಂಡು, 'ಹಿಜಾಬ್ ಇಲ್ಲದ ಫೋಟೊ ತೆಗೆಸಿ, ಇಂಟರ್‌ವ್ಯೂಗೂ ಹಾಗೇ ಹೋಗಿ, ಕೆಲಸ ಪಕ್ಕಾ ಆದ ಮೇಲೆ ಹಾಕಿಕೊಳ್ಳಿ' ಅಂದಿದ್ದಾರೆ. ಏನು ಮಾಡಲಿ?

ಹಾಕಿಕೊಂಡೇ ಹೋಗಿ.

ಆ ಏಜೆಂಟ್‌ಗೆ ನಿಮ್ಮನ್ನು ಒಳಗೆ ಕಳಿಸಿದರೆ ಸಾಕು, ಆಮೇಲಿನದ್ದು ಅವರಿಗೆ ಸಂಬಂಧ ಇಲ್ಲ. ನೀವು ಮೊದಲ ದಿನ ಹಿಜಾಬ್ ಹಾಕಿಕೊಂಡು ಹೋದಾಗ ಮ್ಯಾನೇಜರ್‌ಗೆ ಮೋಸ ಹೋದ ಹಾಗೆ ಅನಿಸುತ್ತದೆ. ಕೆಲಸ ತೋರಿಸುವ ಮೊದಲೇ ನೀವು ಸಮಜಾಯಿಷಿ ಕೊಡುತ್ತಾ ನಿಲ್ಲಬೇಕು. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಪ್ರೊಬೇಷನ್, ಅಂದರೆ ಕೆಲಸ ಕಾಯಂ ಆಗುವ ಮೊದಲಿನ ಪರೀಕ್ಷಾ ಅವಧಿ, ಇರುತ್ತದೆ. ಆ ಹೊತ್ತಿನಲ್ಲಿ ಒಬ್ಬರನ್ನು ಮನೆಗೆ ಕಳಿಸುವುದು ಬಹಳ ಸುಲಭ, ಕಾರಣ ಏನು ಬೇಕಾದರೂ ಬರೆಯಬಹುದು. ಅಷ್ಟರಲ್ಲಿ ಬೇರೆ ಅವಕಾಶಗಳೂ ಕೈಬಿಟ್ಟಿರುತ್ತವೆ.

ಫೋಟೊ ವಿಷಯ. ರೆಸ್ಯೂಮೆಯಲ್ಲಿ ಫೋಟೊ ಯಾಕೆ ಬೇಕು? ತೆಗೆದುಬಿಡಿ. ಧರ್ಮ, ತಂದೆಯ ಹೆಸರು, ಮದುವೆ ಆಗಿದೆಯೋ ಇಲ್ಲವೋ, ಇವೆಲ್ಲ ಹಳೇ ಬಯೋಡೇಟಾದ ಕಾಲದ್ದು. ಜಿಎಸ್‌ಟಿ ರಿಟರ್ನ್ ತುಂಬಲು ಬರುತ್ತದಾ ಅಂತ ನೋಡುವವರಿಗೆ ಅದರ ಅಗತ್ಯ ಇಲ್ಲ. ಆನ್‌ಲೈನ್ ಫಾರ್ಮ್ ಫೋಟೊ ಬೇಕೇ ಬೇಕು ಅಂದರೆ, ನೀವು ದಿನಾ ಹೇಗಿರುತ್ತೀರೋ ಆ ಫೋಟೊ ಹಾಕಿ.

ಇಂಟರ್‌ವ್ಯೂನಲ್ಲಿ 'ಹಿಜಾಬ್ ನಡೆಯುತ್ತಾ ಸರ್' ಅಂತ ನೀವಾಗಿ ಕೇಳಬೇಡಿ. 'ನಿಮ್ಮಲ್ಲಿ ಡ್ರೆಸ್ ಕೋಡ್ ಬರಹದಲ್ಲಿದೆಯಾ' ಅಂತ ಕೇಳಿ. ಆಫರ್ ಬಂದ ಮೇಲೆ, ಸಹಿ ಹಾಕುವ ಮೊದಲು, ಒಂದು ಮೇಲ್ ಕಳಿಸಿ. 'ನಾನು ತಲೆವಸ್ತ್ರ ಹಾಕುತ್ತೇನೆ, ಯೂನಿಫಾರ್ಮ್ ಇದ್ದರೆ ಅದರ ಬಣ್ಣದ್ದೇ ಹಾಕುತ್ತೇನೆ, ದಯವಿಟ್ಟು ಖಚಿತಪಡಿಸಿ.' ಇಷ್ಟೇ ಸಾಕು. ಫೋನ್‌ನಲ್ಲಿ ಹೇಳಿದ 'ಪರವಾಗಿಲ್ಲ ಬನ್ನಿ' ನಾಳೆ ಯಾರಿಗೂ ನೆನಪಿರುವುದಿಲ್ಲ.

ಅವರೇ 'ಇಲ್ಲಿ ತೆಗೆಯುತ್ತೀರಾ' ಅಂತ ಕೇಳಿದರೆ? ಯಾವ ಕೆಲಸಕ್ಕೆ ಅಡ್ಡಿ ಅಂತ ಶಾಂತವಾಗಿ ಕೇಳಿ. ನಿಜವಾದ ಕಾರಣಗಳೂ ಇರುತ್ತವೆ. ತಿರುಗುವ ಯಂತ್ರದ ಹತ್ತಿರ ಸಡಿಲ ಬಟ್ಟೆ ಬೇಡ ಅನ್ನುವುದು 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಇರುವ ಎಚ್ಚರ. ರಾಸಾಯನಿಕ ಘಟಕದಲ್ಲಿ ರೆಸ್ಪಿರೇಟರ್ (ವಿಷಗಾಳಿ ತಡೆಯುವ ಮುಖವಾಡ) ಹಾಕಬೇಕಾದವರಿಗೆ ಗಡ್ಡ ಇದ್ದರೆ ಅದು ಮುಖಕ್ಕೆ ಸರಿಯಾಗಿ ಕೂರುವುದಿಲ್ಲ, ವಿಷಗಾಳಿ ಒಳಗೆ ಬರುತ್ತದೆ. ಅಂಥ ಕಡೆ ಧರ್ಮದ ಹೆಸರಲ್ಲಿ ವಾದ ಮಾಡಬಾರದು. ಆದರೆ ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಬರೆಯುವವರಿಗೆ ಇದ್ಯಾವುದೂ ಇಲ್ಲ. 'ಕ್ಲೈಂಟ್‌ಗೆ ಇಷ್ಟ ಆಗಲ್ಲ' ಅನ್ನುವುದು ಕೆಲಸದ ಕಾರಣ ಅಲ್ಲ, ಪೂರ್ವಗ್ರಹ.

ಇಲ್ಲಿ ಒಂದು ಸುಳ್ಳನ್ನೂ ಬಿಡಿಸಬೇಕು. 'ಸಂವಿಧಾನದ 25ನೇ ವಿಧಿ ಇದೆ, ಯಾವ ಕಂಪನಿಯೂ ನಿಮ್ಮನ್ನು ಬೇಡ ಅನ್ನುವಂತಿಲ್ಲ' ಅಂತ ವಾಟ್ಸಾಪ್‌ನಲ್ಲಿ ಹಂಚುತ್ತಾರೆ. ತಪ್ಪು. ಆ ವಿಧಿ ಮುಖ್ಯವಾಗಿ ಸರ್ಕಾರದ ಎದುರು ನಿಮಗಿರುವ ರಕ್ಷಣೆ. ಸರ್ಕಾರಿ ನೌಕರಿಯಲ್ಲಿ ಧರ್ಮದ ಕಾರಣಕ್ಕೆ ಭೇದ ಮಾಡಬಾರದು ಅನ್ನುತ್ತದೆ 16ನೇ ವಿಧಿ. ಖಾಸಗಿ ಕಂಪನಿಯ ನೇಮಕಾತಿಯಲ್ಲಿ ಧರ್ಮದ ಭೇದವನ್ನು ತಡೆಯುವ ಒಂದು ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಅಮೆರಿಕದಲ್ಲಿ ಇದೆ. ಅಬರ್‌ಕ್ರೋಂಬಿ ಅನ್ನುವ ಬಟ್ಟೆ ಕಂಪನಿ ತಲೆವಸ್ತ್ರದ ಕಾರಣಕ್ಕೆ ಒಬ್ಬ ಹುಡುಗಿಗೆ ಕೆಲಸ ಕೊಡಲಿಲ್ಲ. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹುಡುಗಿಯ ಪರ ನಿಂತಿತು. ನಮ್ಮಲ್ಲಿ ಸಮವಸ್ತ್ರದ ಪಡೆಗಳಲ್ಲಂತೂ ಶಿಸ್ತಿಗೇ ಹೆಚ್ಚು ತೂಕ. ಧರ್ಮದ ಕಾರಣಕ್ಕೆ ಗಡ್ಡ ಬಿಟ್ಟಿದ್ದ ವಾಯುಪಡೆಯ ಸಿಬ್ಬಂದಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ವಾಯುಪಡೆಯ ನಿಯಮವನ್ನೇ ಎತ್ತಿಹಿಡಿಯಿತು. ಆದ್ದರಿಂದ ಕೋರ್ಟಿನ ಧೈರ್ಯದ ಮೇಲೆ ಇಂಟರ್‌ವ್ಯೂಗೆ ಹೋಗಬೇಡಿ.

ಕೆಲವು ಕಡೆ ಸುಮ್ನೆ ಫೋನ್ ಬರುವುದೇ ಇಲ್ಲ. ಯಾಕೆ ಅಂತ ಯಾರೂ ಹೇಳುವುದಿಲ್ಲ. ಅದು ಅನ್ಯಾಯ, ಮನಸ್ಸಿಗೆ ನೋವಾಗುತ್ತದೆ. ಅದಕ್ಕೇ ಒಂದೇ ಕಂಪನಿಯನ್ನು ನಂಬಿ ಕೂರಬೇಡಿ. ಭೇದಭಾವದ ವಿರುದ್ಧ ಬರಹದಲ್ಲಿ ನೀತಿ ಇಟ್ಟುಕೊಂಡಿರುವ ಕಂಪನಿಗಳಿಗೆ ಮೊದಲು ಅರ್ಜಿ ಹಾಕಿ. ಅಲ್ಲಿ ತೊಂದರೆ ಆದರೆ ತೋರಿಸಲು ಒಂದು ಕಾಗದವಾದರೂ ಇರುತ್ತದೆ.

ಇನ್ನೊಂದು ಮಾತು. ಮನೆಯ ಬಾಡಿಗೆ ಕಟ್ಟಲು ಈ ತಿಂಗಳೇ ಸಂಬಳ ಬೇಕು ಅನ್ನುವ ಸ್ಥಿತಿಯಲ್ಲಿ ಯಾರಾದರೂ ತೆಗೆದರೆ ನಾನು ದೂರುವುದಿಲ್ಲ, ಬೇರೆಯವರೂ ದೂರಬಾರದು. ಆದರೆ ಆ ನಿರ್ಧಾರ ನಿಮ್ಮದಾಗಿರಲಿ. ದುಡ್ಡು ತೆಗೆದುಕೊಂಡವರದ್ದು ಬೇಡ.

ಪ್ರಶ್ನೆ: ಪುಣೆಯಲ್ಲಿ, ಹಿಂಜವಡಿಯ ಐಟಿ ಕಂಪನಿಗೆ ವಿಭೂತಿ ಹಚ್ಚಿಕೊಂಡು ಹೋಗಬಹುದಾ? ಇಷ್ಟಲಿಂಗವೂ ಇರುತ್ತದೆ.

ಹೋಗಿ. ಇಷ್ಟಲಿಂಗ ಇಡುವ ಕರಡಿಗೆ ಬೆಳ್ಳಿಯದ್ದಾಗಿದ್ದರೆ ಗೇಟಿನ ಮೆಟಲ್ ಡಿಟೆಕ್ಟರ್ ಕೂಗಬಹುದು, ಸೆಕ್ಯೂರಿಟಿಯವರಿಗೆ ಮೊದಲೇ ಹೇಳಿಬಿಡಿ.

ಪ್ರಶ್ನೆ: ಡೊಂಬಿವಲಿಯಿಂದ. ಅಯ್ಯಪ್ಪ ಮಾಲೆ ಹಾಕಿದ್ದೇನೆ, ಅಷ್ಟರಲ್ಲಿ ಇಂಟರ್‌ವ್ಯೂ ಬಂತು. ಮಾಲೆ ತೆಗೆಯಲಾ?

41 ದಿನದ ವ್ರತವನ್ನು ಅರ್ಧ ಗಂಟೆಯ ಮಾತಿಗಾಗಿ ಯಾಕೆ ಮುರಿಯುತ್ತೀರಿ? ದಿನಾಂಕ ಮುಂದೆ ಹಾಕಲು ಕೇಳಿ, ಆಗದಿದ್ದರೆ ಇಸ್ತ್ರಿ ಮಾಡಿದ ಕಪ್ಪು ಶರ್ಟ್ ಪ್ಯಾಂಟಿನಲ್ಲಿ ಹೋಗಿ.

ಪ್ರಶ್ನೆ: ಗೋವಾದ ಕಲಂಗುಟ್‌ನಲ್ಲಿ ರೆಸಾರ್ಟ್ ಕಿಚನ್ ಕೆಲಸ. ಗಡ್ಡ ಬೋಳಿಸಿ, ಕೈಯ ದಾರ ಕತ್ತರಿಸಿ ಅಂತಾರೆ. ಇದು ಸರಿನಾ?

ಗಡ್ಡಕ್ಕೆ ಬಲೆ ಸಿಗುತ್ತದೆ. ಅದನ್ನು ಹಾಕಿ ಕೆಲಸ ಮಾಡುತ್ತೇನೆ ಅಂತ ಹೇಳಿ, ಬಹಳ ಕಿಚನ್‌ಗಳು ಒಪ್ಪುತ್ತವೆ. ದಾರ, ಉಂಗುರ, ಬಳೆಗೆ ಮಾತ್ರ ವಾದ ಬೇಡ. ಊಟದೊಳಗೆ ಬೀಳುವಂಥದ್ದು ಅಡುಗೆ ಮಾಡುವವರ ಕೈಮೇಲೆ ಇರಬಾರದು. ಅದು ಎಲ್ಲ ಧರ್ಮದವರಿಗೂ ಒಂದೇ. ದಾರ ಬಿಚ್ಚಿ ಜೇಬಿನಲ್ಲಿಟ್ಟುಕೊಳ್ಳಿ.

ಪ್ರಶ್ನೆ: ಠಾಣೆಯಿಂದ. ಜಾತಿ ಗೊತ್ತಾಗದ ಹಾಗೆ, ಅದೃಷ್ಟವೂ ಬರುವ ಹಾಗೆ ಅಡ್ಡಹೆಸರಿನ ಸ್ಪೆಲ್ಲಿಂಗ್ ಬದಲಿಸಿ ಅಂತ ಸಂಖ್ಯಾಶಾಸ್ತ್ರದವರು ಹೇಳಿದ್ದಾರೆ.

ಅವರಿಗೆ ಕೊಟ್ಟ ದುಡ್ಡನ್ನು ವಾಪಸ್ ಕೇಳಿ. ಆಧಾರ್, ಪ್ಯಾನ್, ಮಾರ್ಕ್ಸ್ ಕಾರ್ಡ್‌ಗಳಲ್ಲಿ ಒಂದು ಹೆಸರು, ಅರ್ಜಿಯಲ್ಲಿ ಇನ್ನೊಂದು ಹೆಸರು ಇದ್ದರೆ ಬ್ಯಾಕ್‌ಗ್ರೌಂಡ್ ಪರಿಶೀಲನೆಯಲ್ಲಿ ಸಿಕ್ಕಿಕೊಳ್ಳುತ್ತೀರಿ. ಪಿಎಫ್ ಖಾತೆಯಲ್ಲೂ ತೊಡಕಾಗುತ್ತದೆ. ಈಗಾಗಲೇ ಹೊಸ ಸ್ಪೆಲ್ಲಿಂಗ್‌ನಲ್ಲಿ ಅರ್ಜಿ ಹಾಕಿದ್ದರೆ ಇವತ್ತೇ ಆ ಕಂಪನಿಗಳಿಗೆ ಮೇಲ್ ಮಾಡಿ, ದಾಖಲೆಯಲ್ಲಿರುವ ಹೆಸರನ್ನೇ ಕೊಡಿ.