ಸಂಪಾದಕರ ಉತ್ತರ: ರಿಪೋರ್ಟ್ ನಾರ್ಮಲ್, ಮಗಳು ಹಾಸಿಗೆಯಲ್ಲಿ

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜ್ವರ ಬಿಟ್ಟು ಎಂಟು ತಿಂಗಳಾದರೂ ಮಗಳು ಚೇತರಿಸಿಕೊಂಡಿಲ್ಲ, ರಿಪೋರ್ಟ್ ಎಲ್ಲಾ ನಾರ್ಮಲ್, ನೆಂಟರು ಸೋಮಾರಿ ಅಂತಾರೆ ಎಂದು ಬರೆದಿದ್ದೀರಿ. ನಮ್ಮ ಪತ್ರಿಕೆಯ 'ಆಯಾಸಕ್ಕೆ ನಡಿಗೆಯೇ ಮದ್ದು' ಲೇಖನ ಓದಿ ಅವಳನ್ನು ಬಲವಂತವಾಗಿ ನಡೆಸಿದಿರಿ, ಮರುದಿನದಿಂದ ಒಂದು ವಾರ ಅವಳು ಏಳಲೇ ಇಲ್ಲ. ಆ ಮಾತು ಎಲ್ಲರಿಗೂ ಹೊಂದುವುದಿಲ್ಲ ಎಂದು ನಾವು ಬರೆಯಬೇಕಿತ್ತು. ತಪ್ಪು ನಮ್ಮದು. ಕ್ಷಮಿಸಿ.

ಅವಳಿಗೆ ಏನಾಗಿದೆ ಎಂದು ಹೇಳಬೇಕಾದವರು ಡಾಕ್ಟರು. ಆದರೆ ನೀವು ಬರೆದದ್ದನ್ನು ನೋಡಿದರೆ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಇರಬಹುದೇ ಎಂದು ಅವರನ್ನು ಕೇಳಲೇಬೇಕು. ಇದನ್ನು ಎಂಇ (ಮಯಾಲ್ಜಿಕ್ ಎನ್ಸೆಫಲೋಮೈಲೈಟಿಸ್) ಎಂದೂ ಕರೆಯುತ್ತಾರೆ. ಎಷ್ಟು ಮಲಗಿದರೂ ದಣಿವು ಆರುವುದಿಲ್ಲ, ತಲೆಗೆ ಮಂಕು ಕವಿಯುತ್ತದೆ. ಮುಖ್ಯ ಗುರುತು ಬೇರೆಯೇ ಇದೆ. ಸ್ವಲ್ಪ ಶ್ರಮಪಟ್ಟರೂ ಸಾಕು, ಎಷ್ಟೋ ಸಲ ಅವತ್ತಲ್ಲ, ಮರುದಿನ ಅಥವಾ ಅದರಾಚೆ ದಿನ ಮೈ ಕುಸಿಯುತ್ತದೆ. ಇದನ್ನು ಹಿಡಿಯುವ ರಕ್ತಪರೀಕ್ಷೆ ಇನ್ನೂ ಬಂದಿಲ್ಲ. ಹಾಗಾಗಿ ನಾರ್ಮಲ್ ರಿಪೋರ್ಟ್ ನೋಡಿ ಕಾಯಿಲೆಯೇ ಇಲ್ಲ ಅನ್ನಲಾಗದು.

ನಂಬದೆ ಇರುವುದು ಹಳೆಯ ಕಥೆ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ 292 ಸಿಬ್ಬಂದಿ ಇಂಥದ್ದೇ ಕಾಯಿಲೆ ಬಿದ್ದರು. ಆಸ್ಪತ್ರೆಯನ್ನೇ ಎರಡು ತಿಂಗಳಿಗೂ ಹೆಚ್ಚು ಮುಚ್ಚಿದರು. 1970ರಲ್ಲಿ ಇಬ್ಬರು ಮನೋವೈದ್ಯರು ಹಳೆಯ ದಾಖಲೆ ತೆಗೆದು ನೋಡಿ, ಇದು ಸಾಮೂಹಿಕ ಹಿಸ್ಟೀರಿಯಾ ಎಂದುಬಿಟ್ಟರು. ರೋಗಿಗಳನ್ನು ಪರೀಕ್ಷೆ ಮಾಡಿರಲಿಲ್ಲ. ಹೆಂಗಸರೇ ಜಾಸ್ತಿ ಇದ್ದದ್ದನ್ನೂ ಒಂದು ಕಾರಣವಾಗಿ ಕೊಟ್ಟರು! ಅದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅದರ ಹಿಂದಿನ ವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ಎಂಇಯನ್ನು ನರಮಂಡಲದ ಕಾಯಿಲೆಗಳ ಪಟ್ಟಿಗೆ ಸೇರಿಸಿತ್ತು.

1988ರಲ್ಲಿ ಅಮೆರಿಕದ ತಜ್ಞರು ಕೊಟ್ಟ 'ಫಟೀಗ್' ಎಂಬ ಹೆಸರೂ ಒಳ್ಳೆಯದು ಮಾಡಲಿಲ್ಲ. ಸುಸ್ತು ಯಾರಿಗಿಲ್ಲ ಹೇಳಿ, ಅಂತ ಜನ ಸುಮ್ನೆ ತಳ್ಳಿಹಾಕಿದರು. 2011ರಲ್ಲಿ ಬ್ರಿಟನ್ನಿನಲ್ಲಿ 641 ರೋಗಿಗಳ ಮೇಲೆ ನಡೆದ ಪೇಸ್ ಅಧ್ಯಯನ, ವ್ಯಾಯಾಮವನ್ನು ಹಂತಹಂತವಾಗಿ ಏರಿಸಿದರೆ ಗುಣ ಕಾಣುತ್ತದೆ ಎಂದಿತು. ರೋಗಿಗಳು ಒಪ್ಪಲಿಲ್ಲ, ಅಂಕಿಅಂಶ ಕೊಡಿ ಎಂದು ವರ್ಷಗಟ್ಟಲೆ ಹೋರಾಡಿ ಪಡೆದರು. ಮತ್ತೆ ಲೆಕ್ಕ ಹಾಕಿದಾಗ ಗುಣವಾದವರ ಸಂಖ್ಯೆ ತೀರಾ ಇಳಿಯಿತು. 2021ರಲ್ಲಿ ಅಲ್ಲಿ ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ ಆ ವ್ಯಾಯಾಮ ಕೊಡಬಾರದು ಎಂದಿತು. ನಾವು ಲೇಖನ ಬರೆಯುವ ಮುಂಚೆ ಇದನ್ನೇ ಓದಬೇಕಿತ್ತು.

ರಕ್ತಹೀನತೆ, ಥೈರಾಯ್ಡ್, ನಿದ್ದೆಯ ತೊಂದರೆ ಇದೆಯಾ ಎಂದು ಡಾಕ್ಟರು ಮೊದಲು ನೋಡಲಿ. ಮಲಗಿದ್ದಾಗ, ಎದ್ದು ನಿಂತಾಗ ಬಿಪಿ ಮತ್ತು ನಾಡಿ ನೋಡಲು ಕೇಳಿ. ಅಲ್ಲಿಯವರೆಗೆ ಅವಳನ್ನು ನಡೆಸಬೇಡಿ. ಸುಸ್ತಾಗುವ ಮುಂಚೆಯೇ ಕೆಲಸ ನಿಲ್ಲಿಸಲಿ, ಇದಕ್ಕೆ ಪೇಸಿಂಗ್ ಅನ್ನುತ್ತಾರೆ. ಈ ಉತ್ತರವನ್ನು ಅವಳಿಗೂ ಓದಿ ಹೇಳಿ. ಒಂದೇ ಸಲಕ್ಕೆ ಬೇಡ, ಅವಳಿಗೆ ಆದಷ್ಟು.