ಪೌಲನಿಗೆ ಛಡಿಯೇಟು ಹಾಕಿಸಿದವರು ಯಾರು?

ಮಾನ್ಯರೇ,

ಟರ್ಕಿಯ ಪ್ರಾಚೀನ ನಗರ ಎಫೆಸದ ಅವಶೇಷಗಳನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಬರೆದ ಪತ್ರ ತಲುಪಿದೆ. ಆದಿ ಕ್ರೈಸ್ತ ಪ್ರಚಾರಕರನ್ನು ರೋಮ್ ಸಾಮ್ರಾಜ್ಯವು ಮುನ್ನೂರು ವರ್ಷ ಎಡೆಬಿಡದೆ ಬೇಟೆಯಾಡಿತೆಂದು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೀರಿ. ಆದರೆ ಬೈಬಲ್ಲಿನ ಹೊಸ ಒಡಂಬಡಿಕೆಯ ‘ಅಪೊಸ್ತಲರ ಕೃತ್ಯಗಳು’ ಓದಿದರೆ ರೋಮನ್ ಅಧಿಕಾರಿಗಳು, ಯೆಹೂದ್ಯನಾಗಿ ಹುಟ್ಟಿ ಕ್ರೈಸ್ತ ಪ್ರಚಾರಕನಾದ ಪೌಲನನ್ನು ಮತ್ತೆ ಮತ್ತೆ ಬಿಟ್ಟುಕಳುಹಿಸುತ್ತಾರೆ. ಹಾಗಿದ್ದಲ್ಲಿ ಹಿಂಸೆಯ ಕಥೆಗಳೆಲ್ಲ ನಂತರದವರು ಕಟ್ಟಿದ್ದೇ, ಅಲ್ಲವಾದರೆ ಹಿಂಸಿಸಿದವರು ಯಾರು, ನೆಲದಡಿಯ ಸಮಾಧಿಗಳಲ್ಲಿ ಅವರು ಅಡಗಿದ್ದುದು ನಿಜವೇ ಎಂದು ಕೇಳಿದ್ದೀರಿ.

ಹಿಂಸೆ ನಡೆದದ್ದು ನಿಜ. ಅದಕ್ಕೆ ಪೌಲನ ಮಾತೇ ಎಲ್ಲಕ್ಕಿಂತ ಹಳೆಯ ಸಾಕ್ಷ್ಯ. ಕ್ರಿ.ಶ. 55ರ ಆಸುಪಾಸಿನಲ್ಲಿ ಕೊರಿಂಥದ ಸಭೆಗೆ ಬರೆದ ಎರಡನೆಯ ಪತ್ರದಲ್ಲಿ ಅವನು ತನ್ನ ಮೈಮೇಲಾದದ್ದನ್ನು ಲೆಕ್ಕ ಹಾಕುತ್ತಾನೆ: ಯೆಹೂದ್ಯರಿಂದ ಐದು ಸಲ ಒಂದು ಕಡಿಮೆ ನಲವತ್ತು ಏಟು, ಮೂರು ಸಲ ಛಡಿಯೇಟು, ಒಮ್ಮೆ ಕಲ್ಲೆಸೆತ, ಮೂರು ಸಲ ಹಡಗೊಡೆತ. ಈ ಪಟ್ಟಿಯನ್ನು ನಿಧಾನವಾಗಿ ಓದಬೇಕು. ನಲವತ್ತಕ್ಕೆ ಒಂದು ಕಡಿಮೆಯ ಏಟು ಯೆಹೂದ್ಯರ ಪ್ರಾರ್ಥನಾಲಯವಾದ ಸಭಾಮಂದಿರದ ಶಿಸ್ತಿನ ಕ್ರಮ. ಧರ್ಮಶಾಸ್ತ್ರವು ವಿಧಿಸಿದ ನಲವತ್ತರ ಮಿತಿಯನ್ನು ಎಣಿಕೆ ತಪ್ಪಿಯೂ ಮೀರಬಾರದೆಂದು ಒಂದನ್ನು ಕಡಿಮೆ ಮಾಡುತ್ತಿದ್ದರು. ಸಭಾಮಂದಿರವನ್ನು ತೊರೆದು ಹೋದವನಿಗೆ ಈ ಶಿಕ್ಷೆ ತಗಲುತ್ತಿರಲಿಲ್ಲ. ಐದು ಸಲ ಬೆನ್ನು ಒಡ್ಡಿದನೆಂದರೆ ಪೌಲ ತನ್ನನ್ನು ಆ ಮನೆಯವನೆಂದೇ ಎಣಿಸಿದ್ದನು. ಆದ್ದರಿಂದ ಇದನ್ನು ಎರಡು ಮತಗಳ ನಡುವಿನ ಯುದ್ಧವೆಂದು ಚಿತ್ರಿಸಿ, ಆ ಮೂಲಕ ಯೆಹೂದ್ಯರ ಮೇಲೆ ಶಾಶ್ವತ ಅಪವಾದ ಹೊರಿಸಿದ ನಂತರದ ಬರವಣಿಗೆಯನ್ನು ನಾವು ಒಪ್ಪಲಾರೆವು. ಅದು ಆಗಿನ್ನೂ ಒಂದೇ ಮನೆಯೊಳಗಿನ ಜಗಳ.

ಛಡಿಯ ಮಾತು ಬೇರೆ. ಅದು ರೋಮನ್ ಅಧಿಕಾರದ ಶಿಕ್ಷೆ. ಮೂರರಲ್ಲಿ ಒಂದರ ವಿವರ ಮಾತ್ರ ‘ಅಪೊಸ್ತಲರ ಕೃತ್ಯಗಳು’ ಪುಸ್ತಕದಲ್ಲಿದೆ. ಮಕೆದೋನ್ಯದ ಫಿಲಿಪ್ಪಿ ರೋಮನ್ನರು ನೆಲೆಗೊಳಿಸಿದ ವಸಾಹತು. ಅಲ್ಲಿ ಕಣಿ ಹೇಳುತ್ತಿದ್ದ ಒಬ್ಬ ದಾಸಿ ಪೌಲ ಮತ್ತು ಅವನ ಸಂಗಡಿಗ ಸೀಲರ ಹಿಂದೆ ದಿನಗಟ್ಟಲೆ ಕೂಗುತ್ತ ಬಂದಳು. ಪೌಲನು ಬೇಸತ್ತು ಅವಳ ಮೈಮೇಲಿದ್ದ ಆತ್ಮವನ್ನು ಬಿಡಿಸಿದನು. ಅವಳ ಕಣಿಯಿಂದ ಬರುತ್ತಿದ್ದ ಆದಾಯ ಒಡೆಯರಿಗೆ ಅಲ್ಲಿಗೇ ನಿಂತುಹೋಯಿತು. ಒಡೆಯರು ಇಬ್ಬರನ್ನೂ ಪೇಟೆಬೀದಿಗೆ ಎಳೆದೊಯ್ದು ಅಧಿಕಾರಿಗಳ ಮುಂದೆ ನಿಲ್ಲಿಸಿದಾಗ, ದೂರಿನಲ್ಲಿ ಹಣದ ಸುದ್ದಿಯೇ ಇಲ್ಲ. ಇವರು ಯೆಹೂದ್ಯರು, ಊರಿನಲ್ಲಿ ಗಲಭೆ ಎಬ್ಬಿಸುತ್ತಿದ್ದಾರೆ, ರೋಮನ್ನರು ಪಾಲಿಸಬಾರದ ಆಚಾರಗಳನ್ನು ಬೋಧಿಸುತ್ತಿದ್ದಾರೆ ಎಂಬುದೇ ಆರೋಪ. ಕಿಸೆಗೆ ಬಿದ್ದ ಪೆಟ್ಟು ಆಚಾರಕ್ಕೆ ಬಿದ್ದ ಪೆಟ್ಟಾಗಿ ವೇಷ ಬದಲಿಸಿತು. ಜನ ಸೇರಿದರು, ಅಧಿಕಾರಿಗಳು ವಿಚಾರಣೆಯಿಲ್ಲದೆ ಬಟ್ಟೆ ಹರಿಸಿ ಛಡಿಗಳಿಂದ ಹೊಡೆಸಿದರು, ಸೆರೆಮನೆಯವನು ಒಳಕೋಣೆಗೆ ತಳ್ಳಿ ಕಾಲಿಗೆ ಕೋಳ ತೊಡಿಸಿದನು. ಮರುದಿನ ಸದ್ದಿಲ್ಲದೆ ಬಿಟ್ಟುಬಿಡುವಂತೆ ಆಜ್ಞೆ ಬಂದಾಗ ಪೌಲ ಕದಲಲಿಲ್ಲ. ತಾವು ರೋಮನ್ ಪೌರರು, ಬಹಿರಂಗವಾಗಿ ಹೊಡೆದವರು ಗುಟ್ಟಾಗಿ ಹೊರಗಟ್ಟುವುದು ಬೇಡ, ಅವರೇ ಬಂದು ಕರೆದೊಯ್ಯಲಿ ಎಂದನು. ಪೌರನನ್ನು ವಿಚಾರಣೆಯಿಲ್ಲದೆ ಹೊಡೆಸುವುದು ಕಾನೂನಿಗೆ ವಿರುದ್ಧವಾದ್ದರಿಂದ ಅಧಿಕಾರಿಗಳು ಹೆದರಿ ಬಂದು ಬೇಡಿಕೊಂಡರು. ಈ ಊರಿನಲ್ಲಾದ ಅವಮಾನವನ್ನು ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲೂ ನೆನೆದಿರುವುದರಿಂದ ಘಟನೆಯ ತಿರುಳನ್ನು ಶಂಕಿಸಲು ಕಾರಣವಿಲ್ಲ.

ತಮ್ಮ ಸಂದೇಹಕ್ಕೆ ಉತ್ತರ ಇಲ್ಲಿಯೇ ಇದೆ ಎಂದು ನಮಗೆ ತೋರುತ್ತದೆ. ರೋಮನ್ ಅಧಿಕಾರಿಗಳನ್ನು ಸಾಧ್ಯವಾದಷ್ಟು ನ್ಯಾಯವಂತರನ್ನಾಗಿ ತೋರಿಸುವ ಒಲವು ‘ಅಪೊಸ್ತಲರ ಕೃತ್ಯಗಳು’ ಬರೆದವನಿಗೆ ಇತ್ತು. ಏಟು ತಿಂದವನ ಪತ್ರದಲ್ಲಿ ಮೂರಿರುವ ಛಡಿಯ ಶಿಕ್ಷೆ ಅವನ ಪುಸ್ತಕದಲ್ಲಿ ಒಂದಕ್ಕೆ ಇಳಿದಿದೆ. ಕೊರಿಂಥದಲ್ಲಿ ಪ್ರಾಂತಾಧಿಪತಿ ಗಲ್ಲಿಯೋ ಪೌಲನ ಮೇಲಿನ ದೂರನ್ನು ತಳ್ಳಿಹಾಕಿದ್ದನ್ನು ತಾವು ಉದಾಹರಿಸಿದ್ದೀರಿ. ಡೆಲ್ಫಿಯ ಶಾಸನದ ಆಧಾರದಿಂದ ಆತನ ಅಧಿಕಾರಾವಧಿಯನ್ನು 51–52ರ ಸುಮಾರಿಗೆ ಗೊತ್ತುಪಡಿಸಲಾಗಿದೆ. ಆದರೆ ಮುಂದಿನ ಸಾಲನ್ನೂ ಗಮನಿಸಬೇಕು: ನ್ಯಾಯಪೀಠದ ಎದುರೇ ಗುಂಪು ಸಭಾಮಂದಿರದ ಮುಖ್ಯಸ್ಥ ಸೊಸ್ಥೆನನನ್ನು ಹಿಡಿದು ಹೊಡೆಯಿತು, ಗಲ್ಲಿಯೋ ಅದನ್ನು ಲಕ್ಷ್ಯಕ್ಕೇ ತಂದುಕೊಳ್ಳಲಿಲ್ಲ. ದೂರನ್ನು ತಳ್ಳಿಹಾಕಿದ ಅಧಿಕಾರಿ ರಕ್ಷಣೆ ಕೊಟ್ಟನೆಂದು ಅರ್ಥವಲ್ಲ.

ಎಫೆಸದಲ್ಲಿಯೂ ಹೊಟ್ಟೆಪಾಡಿನದೇ ಕಥೆ. ಅರ್ತೆಮಿ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡುತ್ತಿದ್ದ ದೇಮೇತ್ರಿಯನು ಕಸುಬಿನವರನ್ನು ಕೂಡಿಸಿ ಪೌಲನ ಬೋಧನೆಯಿಂದ ಕುಂದುವ ಸಂಪಾದನೆಯ ಮಾತನ್ನು ಮೊದಲು ಎತ್ತಿದನು, ದೇವಿಯ ಮಹಿಮೆಯ ಮಾತು ಆಮೇಲೆ ಬಂತು. ಜನ ರಂಗಮಂದಿರಕ್ಕೆ ನುಗ್ಗಿ ಎರಡು ತಾಸು ದೇವಿಗೆ ಜಯಘೋಷ ಹಾಕಿದರು. ತಾವು ಯಾಕೆ ಸೇರಿದ್ದೇವೆಂಬುದೇ ಹೆಚ್ಚಿನವರಿಗೆ ಗೊತ್ತಿರಲಿಲ್ಲವಂತೆ. (ಗುಂಪುಗಳ ಈ ಗುಣ ಎರಡು ಸಾವಿರ ವರ್ಷಗಳಲ್ಲಿ ಹೆಚ್ಚು ಸುಧಾರಿಸಿದಂತೆ ಕಾಣುವುದಿಲ್ಲ.)

ಚಕ್ರವರ್ತಿಯ ಕೈ ಮೊದಲ ಬಾರಿ ನೇರವಾಗಿ ಕಾಣಿಸುವುದು 64ರಲ್ಲಿ ರೋಮ್ ನಗರ ಹೊತ್ತಿ ಉರಿದಾಗ. ನೀರೋ ತನ್ನ ಮೇಲಿನ ಶಂಕೆಯನ್ನು ಕ್ರೈಸ್ತರ ಮೇಲೆ ತಿರುಗಿಸಿದನು. ಪ್ರಾಣಿಗಳ ಚರ್ಮ ಹೊದಿಸಿ ನಾಯಿಗಳಿಂದ ಸೀಳಿಸಿದ್ದನ್ನು, ಇರುಳಿಗೆ ದೀಪಗಳಂತೆ ಸುಟ್ಟಿದ್ದನ್ನು ದಾಖಲಿಸಿದವನು ರೋಮನ್ ಇತಿಹಾಸಕಾರ ಟ್ಯಾಸಿಟಸ್. ಅವನಿಗೆ ಕ್ರೈಸ್ತರೆಂದರೆ ತಿರಸ್ಕಾರವೇ ಇತ್ತು. ಅಂಥವನೂ ನೋಡುವವರಿಗೆ ಕನಿಕರ ಹುಟ್ಟಿತೆಂದು ಬರೆದಿರುವಾಗ ಇದನ್ನು ಭಕ್ತರ ಕಟ್ಟುಕಥೆಯೆನ್ನಲು ಬಾರದು. ಆದರೆ ಈ ಕ್ರೌರ್ಯ ರೋಮ್ ನಗರದ ಮಟ್ಟಿಗೆ ನಡೆದದ್ದು.

112ರ ಸುಮಾರಿಗೆ, ಇಂದಿನ ಉತ್ತರ ಟರ್ಕಿಯ ಪ್ರಾಂತವನ್ನು ಆಳುತ್ತಿದ್ದ ಪ್ಲಿನಿಗೆ ಕ್ರೈಸ್ತರನ್ನು ಹೇಗೆ ವಿಚಾರಿಸಬೇಕೆಂಬುದೇ ತಿಳಿದಿರಲಿಲ್ಲ. ಕ್ರೈಸ್ತ ಸಭೆಯ ಸೇವಕಿಯರೆನಿಸಿದ್ದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಟ್ಟರೂ ಅತಿಯಾದ ಮೂಢನಂಬಿಕೆಯ ಹೊರತು ಬೇರೇನೂ ಸಿಗಲಿಲ್ಲವೆಂದು ಅವನು ಚಕ್ರವರ್ತಿ ಟ್ರಾಜನನಿಗೆ ಬರೆದನು. ತಾನು ಕ್ರಮ ಕೈಗೊಂಡ ಮೇಲೆ ಬಲಿಯ ಮಾಂಸಕ್ಕೆ ಮತ್ತೆ ಗಿರಾಕಿಗಳು ಬರುತ್ತಿದ್ದಾರೆ ಎಂಬ ಸಮಾಧಾನವೂ ಆ ಪತ್ರದಲ್ಲಿದೆ. ಅವರನ್ನು ಹುಡುಕಿಕೊಂಡು ಹೋಗಬೇಡ, ಹೆಸರಿಲ್ಲದ ದೂರುಗಳನ್ನು ಸ್ವೀಕರಿಸಬೇಡ, ಆದರೆ ದೂರು ಸಾಬೀತಾಗಿ ನಮ್ಮ ದೇವರುಗಳಿಗೆ ನಮಿಸಲೊಪ್ಪದಿದ್ದರೆ ಶಿಕ್ಷಿಸು ಎಂದು ಟ್ರಾಜನ್ ಉತ್ತರಿಸಿದನು. ಅಪರಾಧಿಯಾದರೆ ಹುಡುಕಬೇಡವೇಕೆ, ನಿರಪರಾಧಿಯಾದರೆ ಶಿಕ್ಷೆಯೇಕೆ ಎಂದು ಉತ್ತರ ಆಫ್ರಿಕದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಮುಂದೆ ಕೆಣಕಿದ್ದು ಸರಿಯಾಗಿಯೇ ಇತ್ತು. ಪ್ರಚಾರಕನ ಪ್ರಾಣ ಹೀಗೆ ನೆರೆಹೊರೆಯವರ ಮರ್ಜಿಗೆ ಬಿತ್ತು.

ಇಡೀ ಸಾಮ್ರಾಜ್ಯಕ್ಕೆ ಅನ್ವಯಿಸುವ ಆಜ್ಞೆ ಹೊರಟಿದ್ದು ಡೀಸಿಯಸ್ ಚಕ್ರವರ್ತಿಯ ಕಾಲದಲ್ಲಿ. ದೇವರುಗಳಿಗೆ ಬಲಿ ಅರ್ಪಿಸಿ ಸಾಕ್ಷಿಪತ್ರ ಪಡೆಯಬೇಕಿತ್ತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ, 250ನೆಯ ಇಸವಿಯ ಅಂಥ ಒಂದು ಪತ್ರದಲ್ಲಿ ಒಬ್ಬ ಗೃಹಸ್ಥನು, ತಾನು ಸದಾ ದೇವರುಗಳಿಗೆ ಬಲಿ ಕೊಡುತ್ತ ಬಂದವನೆಂದೂ ಈಗ ಮಗ ಮತ್ತು ಮಗಳೊಡನೆ ಅಧಿಕಾರಿಗಳ ಕಣ್ಣೆದುರಿಗೇ ನೈವೇದ್ಯದ ರುಚಿ ನೋಡಿರುವುದಾಗಿಯೂ ಅರಿಕೆ ಮಾಡಿಕೊಂಡಿದ್ದಾನೆ. ಕನ್ನಡದ ಮಾತುಗಳಿವೆಯೆಂದು ನಮ್ಮ ವಿದ್ವಾಂಸರು ಬಹುಕಾಲ ಚರ್ಚಿಸಿದ ಗ್ರೀಕ್ ಪ್ರಹಸನ ಸಿಕ್ಕಿದ್ದೂ ಇದೇ ಊರಿನಲ್ಲಿ.

ಇನ್ನು ನೆಲದಡಿಯ ಸಮಾಧಿಗಳು. ಊರೊಳಗೆ ಹೂಳುವುದಕ್ಕೆ ರೋಮನ್ ಕಾನೂನು ಒಪ್ಪದಿದ್ದುದರಿಂದ ಅವು ನಗರದ ಹೊರಗಿನ ಹೆದ್ದಾರಿಗಳ ಬದಿಯಲ್ಲಿದ್ದವು. ಅವು ಇರುವುದು ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತಿತ್ತು, ಆದ್ದರಿಂದ ಅಡಗುತಾಣಗಳಾಗಲಾರದಿದ್ದವು. ಕ್ರೈಸ್ತರು ಸ್ಮಶಾನಗಳಲ್ಲಿ ಕೂಡಬಾರದೆಂದು ಚಕ್ರವರ್ತಿ ವಲೇರಿಯನ್ 257ರಲ್ಲಿ ನಿಷೇಧಿಸಿದನು. ಮರುವರ್ಷದ ಆಗಸ್ಟ್ 6ರಂದು ರೋಮ್‌ನ ಬಿಷಪ್ ಎರಡನೆಯ ಸಿಕ್ಸ್ಟಸ್ ಸಭೆಯ ನಾಲ್ವರು ಸೇವಕರೊಡನೆ (ಡೀಕನ್‌ಗಳೊಡನೆ) ಕೊಲ್ಲಲ್ಪಟ್ಟದ್ದು ಅಂಥದೇ ಒಂದು ಸ್ಮಶಾನದಲ್ಲಿ. ಆ ಸುದ್ದಿಯನ್ನು ಪತ್ರದಲ್ಲಿ ದಾಖಲಿಸಿದ ಕಾರ್ಥೇಜಿನ ಬಿಷಪ್ ಸಿಪ್ರಿಯನನ ಶಿರಚ್ಛೇದವೂ ಮುಂದಿನ ತಿಂಗಳಲ್ಲೇ ನಡೆಯಿತು.

— ಸಂಪಾದಕ