ಗೂಡಿನ ಸುತ್ತ ಇಲಿಗಳು ಓಡಾಡುತ್ತಿವೆ, ಸಾಕಿದ ಮೊಲಗಳಿಗೆ ರೋಗ ತಗಲುತ್ತದೆಯೇ?

ಮೊಲದ ಗೂಡಿನ ಕೆಳಗೆ ಇಲಿಯ ಹಿಕ್ಕೆ ಕಂಡಿದೆ, ರೋಗದ ಭಯ ಎಂದು ಕೇಳಿದ್ದೀರಿ. ಕೊನೆಯಲ್ಲಿ 'ಪಾಷಾಣ ಇಡೋಣವೆಂದಿದ್ದೇನೆ' ಎಂದು ಒಂದು ಸಾಲು ಸೇರಿಸಿದ್ದೀರಿ. ಆ ಸಾಲಿಗಾಗಿಯೇ ಈ ಉತ್ತರ. ಇಟ್ಟಿಲ್ಲವಾದರೆ ಇಡಬೇಡಿ. ಇಟ್ಟಾಗಿದ್ದರೆ ಈಗಲೇ ಹೋಗಿ ತೆಗೆದು, ಕೈ ತೊಳೆದುಕೊಂಡು ಬಂದು ಮುಂದೆ ಓದಿ.

ನಮ್ಮದು ತೀರ್ಥಹಳ್ಳಿಯ ಕಡೆ. ಮಗಳಿಗೆಂದು ತಂದ ಜೋಡಿ ಮೊಲ, ಒಂದು ಬಿಳಿ, ಒಂದು ಬೂದು. ಬಚ್ಚಲುಮನೆಯ ಹಿಂದೆ, ಸೌದೆ ಒಟ್ಟುವ ಮಾಡಿನ ಕೆಳಗೆ ಮರದ ಗೂಡು. ಆಷಾಢದ ಮಳೆ ಹಿಡಿಯಿತೆಂದರೆ ತೋಟದ ಇಲಿಗಳಿಗೆಲ್ಲ ಬೆಚ್ಚಗಿನ ಸೌದೆ ರಾಶಿಯೇ ಬೇಕು. ಪಕ್ಕದಲ್ಲೇ ಮೊಲದ ತಟ್ಟೆಯಲ್ಲಿ ಕಾಳೂ ಇದ್ದರೆ ಕೇಳಬೇಕೇ? ಊರಲ್ಲಿ ಇಲಿ ಜ್ವರದ ಮಾತು ಬೇರೆ. ನಿಮ್ಮಂತೆಯೇ ಹೆದರಿ, ಗೊಬ್ಬರದ ಅಂಗಡಿಯಿಂದ ಪಾಷಾಣದ ನೀಲಿ ಬಿಲ್ಲೆಗಳನ್ನು ತಂದೆ.

ಗೂಡಿನ ಹತ್ತಿರ ಇಡುವಷ್ಟು ದಡ್ಡ ನಾನಲ್ಲ ಎಂಬ ಹೆಮ್ಮೆಯಿತ್ತು. 30 ಅಡಿ ದೂರ, ಕಾಂಪೌಂಡಿನ ಬುಡದಲ್ಲಿ, ಕೋಳಿ ನಾಯಿಗಳಿಗೆ ಸಿಗದಂತೆ ಒಡೆದ ಹೆಂಚಿನ ಕೆಳಗೆ ಆರು ಬಿಲ್ಲೆಗಳನ್ನು ಇಟ್ಟೆ.

ಇಟ್ಟದ್ದು ಇಟ್ಟಲ್ಲೇ ಇರುತ್ತದೆ ಎಂದುಕೊಂಡಿದ್ದೇ ನನ್ನ ತಪ್ಪು. ಇಲಿ ಸಿಕ್ಕಿದ್ದನ್ನೆಲ್ಲ ಅಲ್ಲೇ ಕೂತು ತಿಂದು ಮುಗಿಸುವುದಿಲ್ಲ, ಮರೆಯಿರುವ ಕಡೆ ಹೊತ್ತೊಯ್ದು ಕೂಡಿಡುತ್ತದೆ. ನಮ್ಮ ಇಲಿಗಳ ಉಗ್ರಾಣ ಇದ್ದದ್ದು ಮೊಲಕ್ಕೆಂದು ಒಣಹುಲ್ಲು ತುಂಬಿಟ್ಟ ಗೋಣಿಚೀಲದಲ್ಲಿ. ಪ್ರತಿದಿನ ಅದರಿಂದ ಒಂದು ಹಿಡಿ ತೆಗೆದು ಗೂಡಿಗೆ ತುರುಕುತ್ತಿದ್ದವನು ನಾನೇ. ಪಾಷಾಣ ಎಂದು ನಾವು ಕರೆಯುತ್ತೇವೆ, ಆದರೆ ಆ ಬಿಲ್ಲೆಯ ಬಹುಪಾಲು ಧಾನ್ಯ ಮತ್ತು ಮೇಣ. ಮೊಲದ ಮೂಗಿಗೆ ಅದು ಕಾಳಿನ ಉಂಡೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೂ ಇಲ್ಲ, ಒಳಗೆ ಹೋದದ್ದು ಹೋಯಿತು.

ಇನ್ನೂ ಕೆಟ್ಟ ಸಂಗತಿಯೆಂದರೆ ಅದು ಕೂಡಲೇ ತೋರುವುದಿಲ್ಲ. ಬ್ರೊಮಾಡಿಯೊಲೋನ್ ಎಂಬ ಆ ವಿಷ ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ದೇಹದಲ್ಲಿ ಮತ್ತೆ ಬಳಕೆಗೆ ಬರುವುದನ್ನು ತಡೆಯುತ್ತದೆ. ಮೆಲ್ಲಗೆ ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ. ಲಕ್ಷಣ ಕಾಣಲು ಕೆಲವು ದಿನ ಬೇಕು. ತಿಂದ ಕೂಡಲೇ ಹೊಟ್ಟೆ ಕೆಟ್ಟರೆ ಇಲಿ ಆ ತಿಂಡಿಯನ್ನು ಮತ್ತೆ ಮೂಸುವುದಿಲ್ಲ. ನಿಧಾನದ ವಿಷಕ್ಕೆ ಇಲಿ ಮೋಸಹೋಗುತ್ತದೆ. ನಾನೂ ಮೋಸಹೋದೆ.

ಒಂದು ಸಂಜೆ ಬಿಳಿ ಮೊಲದ ಮೂತ್ರ ಕೆಂಪಗಿತ್ತು. ಹಿಂದಿನ ದಿನ ಬೀಟ್‌ರೂಟ್ ಸಿಪ್ಪೆ ಹಾಕಿದ್ದೆವು. ತಿಂದ ತರಕಾರಿಯ ಬಣ್ಣದಿಂದ ಮೊಲದ ಮೂತ್ರ ಕೆಂಪಾಗುವುದುಂಟು, ಅದು ನಿಜವೇ. ಗಾಬರಿಯಾದ ಹೆಂಡತಿಗೆ ಇದನ್ನೇ ಪಂಡಿತನಂತೆ ವಿವರಿಸಿ ಮಲಗಿದೆ. ಬೆಳಿಗ್ಗೆ ಅದು ಮೂಲೆಯಲ್ಲಿ ಮುದುರಿ ಕೂತಿತ್ತು, ಮೂಗಿನ ತುದಿಯಲ್ಲಿ ರಕ್ತ.

ಎರಡನ್ನೂ ಬುಟ್ಟಿಯಲ್ಲಿ ಹಾಕಿಕೊಂಡು ಮಳೆಯಲ್ಲೇ ಪಶು ವೈದ್ಯರ ಹತ್ತಿರ ಓಡಿದೆ. ಅವರು ತುಟಿ ಸರಿಸಿ ಬಿಳಿಚಿದ ಒಸಡು ನೋಡಿ, "ಮನೆಯಲ್ಲಿ ಪಾಷಾಣ ಇಟ್ಟಿದ್ದೀರಾ?" ಎಂದರು.

"ಇಟ್ಟಿದ್ದೇನೆ ಸಾರ್, ಆದರೆ ಗೂಡಿನಿಂದ 30 ಅಡಿ ದೂರ."

"ಇಲಿಗೆ ಕಾಲಿಲ್ಲವೇ?"

ಬಿಳಿ ಮೊಲ ಮಧ್ಯಾಹ್ನದೊಳಗೆ ಹೋಯಿತು. ಬೂದು ಬಣ್ಣದ್ದಕ್ಕೆ ವಿಟಮಿನ್ ಕೆ1 ಚುಚ್ಚುಮದ್ದು ಕೊಟ್ಟರು. ಆಮೇಲೆ 4 ವಾರ ಮನೆಯಲ್ಲಿ ಮಾತ್ರೆ ಅರೆದು ಬಾಳೆಹಣ್ಣಿನಲ್ಲಿ ತಿನ್ನಿಸಿದೆವು. ಅದು ಉಳಿಯಿತು.

ರೋಗದ ಮಾತಿಗೆ ಬರುತ್ತೇನೆ. ಇಲಿಯಿಂದ ರೋಗ ಬರಬಹುದು, ಇಲ್ಲವೆನ್ನುವುದಿಲ್ಲ. ಹಿಕ್ಕೆ ಬಿದ್ದ ಮೇವಿನಿಂದ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ತಗಲಬಹುದು. ಇಲಿ ಜ್ವರದ ರೋಗಾಣು ಲೆಪ್ಟೊಸ್ಪೈರಾ ಇಲಿಯ ಮೂತ್ರದಲ್ಲಿರುತ್ತದೆ, ಒಣಗಿದರೆ ಸಾಯುತ್ತದೆ, ಒದ್ದೆ ಮಣ್ಣಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಆದರೆ ಅದರ ಬಗ್ಗೆ ಮೊಲಕ್ಕಿಂತ ಮೊದಲು ನೀವು ಹೆದರಬೇಕು, ಬರಿಗಾಲಲ್ಲಿ ಗೂಡು ತೊಳೆಯುವವರು ನೀವು ತಾನೇ! ಗಂಬೂಟು, ಕೈಗವಸು ಹಾಕಿಕೊಳ್ಳಿ. ಇಲಿ ಮುಟ್ಟಿದ ಮೇವನ್ನು ಜಿಪುಣತನ ಮಾಡದೆ ಎಸೆಯಿರಿ. ನಿಮ್ಮ ಜೋಡಿ ಗಂಡು ಹೆಣ್ಣಾಗಿದ್ದರೆ ನಿಜವಾದ ಅಪಾಯ ಮರಿಗಳಿಗೆ. ಹುಟ್ಟಿದಾಗ ಮೈಮೇಲೆ ಕೂದಲಿರುವುದಿಲ್ಲ, ಸುಮಾರು 10 ದಿನ ಕಣ್ಣು ಬಿಡುವುದಿಲ್ಲ. ಇಲಿ ಒಂದೊಂದಾಗಿ ಎಳೆದುಕೊಂಡು ಹೋಗುತ್ತದೆ.

ಕೋಳಿ ಬಲೆಯನ್ನು ನಂಬಬೇಡಿ, ಅದು ಕೋಳಿಯನ್ನು ಒಳಗಿಡಲು ಇರುವುದು. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ತಂತಿಯ ಗಟ್ಟಿ ಜಾಲರಿ) ಹಾಕಿಸಿ, ಗೂಡಿನ ತಳಕ್ಕೂ. ಕಾಳು ತಗಡಿನ ಡಬ್ಬದಲ್ಲಿರಲಿ. ಸಂಜೆಯಾದ ಮೇಲೆ ತಟ್ಟೆಯಲ್ಲಿ ಕಾಳು ಬಿಡಬೇಡಿ, ಹುಲ್ಲು ಮಾತ್ರ ಇರಲಿ. ಮೊಲದ ಹೊಟ್ಟೆ ರಾತ್ರಿಯೂ ಖಾಲಿ ಇರಬಾರದು. ಸೌದೆ ರಾಶಿಯನ್ನು ದೂರ ಸಾಗಿಸಿ. ಇಲಿ ಹಿಡಿಯಲು ಬೋನು, ಅದರೊಳಗೆ ಸುಟ್ಟ ಕೊಬ್ಬರಿ ಚೂರು. ಅಜ್ಜಿಯ ಕಾಲದ ಈ ಉಪಾಯದಿಂದ ನಮ್ಮಲ್ಲಿ ಒಂದೇ ವಾರದಲ್ಲಿ ಏಳು ಬಿದ್ದವು. ಬೆಕ್ಕು ಸಾಕಿ ಎನ್ನುವವರೂ ಬರುತ್ತಾರೆ. ಮೊಲದ ಮನೆಗೆ ಬೆಕ್ಕಿನ ಕಾವಲು ಹೇಗಿರುತ್ತದೆಂದು ಅವರನ್ನೇ ಕೇಳಿ.

ಪಾಷಾಣ ಇಟ್ಟು ತೆಗೆದಿದ್ದೀರಾದರೆ ಎಷ್ಟು ಇಟ್ಟಿರಿ, ಎಷ್ಟು ಸಿಕ್ಕಿತು ಎಂದು ಎಣಿಸಿ. ಕಡಿಮೆಯಿದ್ದರೆ ಹುಲ್ಲಿನ ಚೀಲವನ್ನು ಪೂರ್ತಿ ಸುರಿದು ನೋಡಿ, ಮೊಲ ಚೆನ್ನಾಗಿದ್ದರೂ ಪಾಷಾಣದ ಪೊಟ್ಟಣದ ಸಮೇತ ಇವತ್ತೇ ವೈದ್ಯರ ಹತ್ತಿರ ಹೋಗಿ. ನಾನಿಟ್ಟ ಆರರಲ್ಲಿ ಹೆಂಚಿನ ಕೆಳಗೆ ಉಳಿದಿದ್ದವು ಎರಡು. ಚೀಲದ ತಳದಲ್ಲಿ ಇನ್ನೆರಡು, ಹಲ್ಲಿನ ಗುರುತಿನ ಸಮೇತ.